ಮರಿಯ ತಾಯಿ ಎಲ್ಲಿ?

ಶರಣಬಂಧುಗಳೇ, ಮನುಷ್ಯರಲ್ಲಿ ಜಾತಿ ಕೇಳಬಾರದೆನ್ನುವ ನಾವು ನಾಯಿಮರಿ ಕೊಳ್ಳುವಾಗ ಮೊದಲು ಕೇಳುವುದು ಜಾತಿಯನ್ನೇ! ರಾಯಚೂರಾಗಲಿ, ದೇವದುರ್ಗ, ಮಾನ್ವಿಯಾಗಲಿ, ಮೊಬೈಲಿನಲ್ಲಿ ಫೋಟೊ ನೋಡಿಯೇ ಮುಂಗಡ ಕೊಟ್ಟುಬಿಡುತ್ತೇವೆ. ಪಂಜರದೊಳಗೆ ಸೂಲಿನ ಮೇಲೆ ಸೂಲು ಈದು ಸವೆದ ತಾಯಿನಾಯಿ ಆ ಫೋಟೊದಲ್ಲಿ ಇರುವುದಿಲ್ಲ.

2017ರ ಕೇಂದ್ರ ನಿಯಮದಂತೆ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲೇಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾಯಿಗೆ ವರ್ಷಕ್ಕೆ ಒಂದೇ ಸೂಲು, ಆಯುಷ್ಯದಲ್ಲಿ 5 ಮೀರುವಂತಿಲ್ಲ. ನೋಂದಣಿ ಪತ್ರ ಕೇಳಿರಿ, ತಾಯಿಯನ್ನು ತೋರಿಸೆನ್ನಿರಿ. ಬಸ್ ನಿಲ್ದಾಣಕ್ಕೇ ಮರಿ ತಂದುಕೊಡುತ್ತೇನೆಂದರೆ ಬೇಡವೆನ್ನಿರಿ. ಸೊರಗಿದ ಮರಿಯನ್ನು ಕನಿಕರದಿಂದ ಕೊಂಡರೂ ಆ ಹಣ ಮುಂದಿನ ಸೂಲಿಗೆ ಬಂಡವಾಳವಾಗುತ್ತದೆ. ಇಂಥ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲದು. ಕನಿಕರವಿದ್ದರೆ ನಿಮ್ಮ ಓಣಿಯದೇ ಅನಾಥ ಮರಿಯೊಂದನ್ನು ಮನೆಗೆ ತಂದು, ಪಶು ಆಸ್ಪತ್ರೆಯಲ್ಲಿ ರೇಬೀಸ್ ಲಸಿಕೆ ಹಾಕಿಸಿರಿ.