ಗುರುವಿನ ನೆರಳಲ್ಲಿ ಕಳೆಯುವ ಕಾಲಕ್ಕೆ ಬೆಲೆ ಕಟ್ಟುವವರು ಯಾರು?

ಯುವ ಕಲಾವಿದರಿಗೆ ಕೆಲವು ವಾರ ಊಟ, ವಸತಿ ಒದಗಿಸಿ, ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ಅಭ್ಯಾಸಕ್ಕೆ ಅವಕಾಶ ಕಲ್ಪಿಸುವ 'ಆರ್ಟಿಸ್ಟ್ ರೆಸಿಡೆನ್ಸಿ' ಎಂಬ ಪರಿಕಲ್ಪನೆ ಮಹಾನಗರಗಳಲ್ಲಿ ಹೊಸದೆಂಬಂತೆ ಚರ್ಚೆಯಾಗುತ್ತಿದೆ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗೆ ಇದು ಹೊಸದಲ್ಲ. ಶಿಶುನಾಳ ಷರೀಫರು ಕಳಸದ ಗೋವಿಂದಭಟ್ಟರ ಒಡನಾಟದಲ್ಲಿ ಬೆಳೆದದ್ದು ಇದೇ ನೆಲದಲ್ಲಿ. ಕಲಿಯುವವನ ಕಾಲಕ್ಕೆ ಯಾರು ಹೊಣೆ ಹೊರುತ್ತಾರೆ ಎಂಬುದೇ ಅಂದಿನ ಮತ್ತು ಇಂದಿನ ಮುಖ್ಯ ಪ್ರಶ್ನೆ.

ಮಠ ಹೊತ್ತ ಹೊಣೆ

ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನ ಕಂಠವನ್ನು ಗುರುತಿಸಿದವರು ಹಾನಗಲ್ ವಿರಕ್ತಮಠದ ಕುಮಾರಸ್ವಾಮಿಗಳು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ಅಬ್ದುಲ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ, ಹೀಗೆ ಎರಡೂ ಪದ್ಧತಿಗಳ ಶಿಕ್ಷಣ ಆತನಿಗೆ ದೊರೆಯಿತು. ಆತನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಪಡೆದ ಋಣವನ್ನು ಅವರು ತೀರಿಸಿದ ಬಗೆಯೇ ಗದಗಿನ ವೀರೇಶ್ವರ ಪುಣ್ಯಾಶ್ರಮ. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ ಅದೇ ಸೀಮೆಯ, ಅಂಧರೇ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ಮುನ್ನಡೆಸಿದರು. ಅಂಧ, ಅನಾಥ, ಬಡ ಮಕ್ಕಳಿಗೆ ಅಲ್ಲಿ ಊಟ, ವಸತಿ, ವಿದ್ಯೆ ಉಚಿತ. ಅದರ ಖರ್ಚಿಗೆ ಭಕ್ತರ ಕಾಣಿಕೆಯ ಜೊತೆಗೆ ನಾಟಕ ಕಂಪನಿಯ ಗಳಿಕೆಯೂ ಒದಗಿತು. ಪಂಡಿತ ಎಂ. ವೆಂಕಟೇಶಕುಮಾರ್ ಅವರು ಈ ಆಶ್ರಮದಲ್ಲಿ ಕಳೆದದ್ದು ಕೆಲವು ವಾರಗಳನ್ನಲ್ಲ, ಸುಮಾರು 12 ವರ್ಷಗಳನ್ನು.

ಒಬ್ಬರೇ ಗುರು, ಎರಡು ದಾರಿ

ಶಿಗ್ಗಾವಿಗೆ ಸಮೀಪದ ಕುಂದಗೋಳದಲ್ಲಿ ಸವಾಯಿ ಗಂಧರ್ವರು 1930ರ ದಶಕದಲ್ಲಿ ಪಾಠ ಹೇಳುತ್ತಿದ್ದರು. ಭೀಮಸೇನ ಜೋಶಿ ಗುರುವಿನ ಮನೆಯಲ್ಲೇ ಉಳಿದು, ನೀರು ಹೊತ್ತು, ಸೇವೆ ಮಾಡಿ ಕಲಿತರು. ಹಾನಗಲ್ಲಿನ ಹೆಸರನ್ನು ದೇಶಕ್ಕೆ ಪರಿಚಯಿಸಿದ ಗಂಗೂಬಾಯಿ ಹಾನಗಲ್ ಅವರಾದರೋ ಸಂಸಾರದ ಹೊರೆ ಹೊತ್ತು, ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬಂದು ಕಲಿಯಬೇಕಾಯಿತು. ಇಬ್ಬರೂ ಶಿಖರವನ್ನೇ ಮುಟ್ಟಿದರು, ನಿಜ. ಆದರೆ ಅವಕಾಶ ಇಬ್ಬರಿಗೂ ಸಮಾನವಾಗಿರಲಿಲ್ಲ. ಹಾಗೆ ರೈಲು ಹತ್ತಲಾಗದೆ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳ ಲೆಕ್ಕ ಯಾರ ಬಳಿಯೂ ಇಲ್ಲ.

ಜಾಝ್ ಕೂಡ ಇದನ್ನೇ ಹೇಳುತ್ತದೆ

ಅಮೆರಿಕದ ಜಾಝ್ ಸಂಗೀತವೂ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುವ ವಿದ್ಯೆಯೇ. ಡ್ರಮ್ ವಾದಕ ಆರ್ಟ್ ಬ್ಲೇಕಿ ಅವರ 'ಜಾಝ್ ಮೆಸೆಂಜರ್ಸ್' ತಂಡ ದಶಕಗಳ ಕಾಲ ಯುವ ವಾದಕರಿಗೆ ಪಾಠಶಾಲೆಯಾಗಿತ್ತು. ವಿಂಟನ್ ಮಾರ್ಸಾಲಿಸ್ ಅಲ್ಲಿಂದ ಬಂದವರು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮೇರಿಯಾನೊ ಭಾರತಕ್ಕೆ ಬಂದು ನಾದಸ್ವರ ಅಭ್ಯಾಸ ಮಾಡಿದರು. ಬೆಂಗಳೂರಿನ 'ಕರ್ನಾಟಕ ಕಾಲೇಜ್ ಆಫ್ ಪರ್ಕಷನ್' ಕಲಾವಿದರೊಂದಿಗೆ 1983ರಲ್ಲಿ 'ಜ್ಯೋತಿ' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಪದ್ಧತಿ ಯಾವುದೇ ಇರಲಿ, ಬಿಡುವಿಲ್ಲದ ಸಹವಾಸಕ್ಕೆ ಪರ್ಯಾಯವಿಲ್ಲ.

ಈಗ ಆಗಬೇಕಾದದ್ದು

ಗಂಗೂಬಾಯಿ ಅವರ ಹೆಸರಿನಲ್ಲಿ ಸರ್ಕಾರ ಹುಬ್ಬಳ್ಳಿಯಲ್ಲಿ ಗುರುಕುಲ ಸ್ಥಾಪಿಸಿದೆ. ಗುರು, ಶಿಷ್ಯರು ಒಂದೇ ಆವರಣದಲ್ಲಿ ವಾಸಿಸಿ ಕಲಿಯಬೇಕೆಂಬ ಅದರ ಉದ್ದೇಶ ಶ್ಲಾಘನೀಯ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕಟ್ಟಡ ಕಟ್ಟುವುದು ಒಮ್ಮೆಯ ಖರ್ಚು; ಗುರುಗಳ ಗೌರವಧನ, ಶಿಷ್ಯರ ಊಟ ಮಾತ್ರ ಪ್ರತಿ ತಿಂಗಳ ಹೊಣೆ. ವಾರ್ಷಿಕ ಅನುದಾನ ಬರುವವರೆಗೆ ತಂಬೂರಿಯೂ ಕಾಯದು, ಹಸಿವೂ ಕಾಯದು. ಆದ್ದರಿಂದ ಇಂತಹ ಸಂಸ್ಥೆಗಳಿಗೆ ಶಾಶ್ವತ ನಿಧಿ ಇರಬೇಕು. ಹೆಣ್ಣುಮಕ್ಕಳಿಗೆ ಸುರಕ್ಷಿತ ವಸತಿ ಇರಬೇಕು. ಅಂಧ ವಿದ್ಯಾರ್ಥಿಗಳಿಗೆ ಆದ್ಯತೆ ಸಿಗಬೇಕು.

ಹಿರೇಕೆರೂರಿನ ಬಾಲಕಿ ಗದಗಿನವರೆಗೆ ಸಾಗಬೇಕಾದ ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಸವಣೂರಿನ ಬಡ ಬಾಲಕನ ಪಾಲಿಗೆ ಬಸ್ ಚಾರ್ಜೇ ಮೊದಲ ತಡೆ. ನೂರು ವರ್ಷಗಳ ಹಿಂದೆ ಕಾಡಶೆಟ್ಟಿಹಳ್ಳಿಯ ಬಾಲಕನಿಗೆ ಒಂದು ಮಠ ಒದಗಿಬಂದಿತು. ಇಂದಿನ ಬಾಲಕನಿಗೆ ಅಂತಹ ಅದೃಷ್ಟಕ್ಕಾಗಿ ಕಾಯುವ ಸ್ಥಿತಿ ಬರಬಾರದು.