ಹೋಬಳಿಯ ಹೆಸರು ಒತ್ತಿದರೆ ಏನು ಕಾಣಬೇಕು?

ಯಾವುದಾದರೂ ಸುದ್ದಿ ಜಾಲತಾಣದಲ್ಲಿ ನಿಮ್ಮ ಹೋಬಳಿಯ ಹೆಸರು ಒತ್ತಿ ನೋಡಿ. ಬಹುತೇಕ ಕಡೆ ಹಳೆಯ ಸುದ್ದಿಗಳ ಸಾಲು ಬರುತ್ತದೆ, ಅಷ್ಟೇ. ನಾಡಕಚೇರಿ ಎಲ್ಲಿದೆ, ಸಂತೆ ಯಾವ ದಿನ, ಪಶು ಆಸ್ಪತ್ರೆಯ ಫೋನ್ ನಂಬರ್ ಏನು ಎಂಬುದು ಇರುವುದಿಲ್ಲ.

ಇವನ್ನೆಲ್ಲ ಒಂದು ತಾಣಕ್ಕೆ ನಾನೇ ಹೋಬಳಿವಾರು ತುಂಬಿಸಿಕೊಟ್ಟಿದ್ದೆ. ಒಳಗೆ ಸೇವ್ ಆಗಿತ್ತು, ಹೊರಗೆ ಕಾಣಲಿಲ್ಲ. ಹಸುವಿಗೆ ಹುಷಾರಿಲ್ಲವೆಂದು ರೈತರೊಬ್ಬರು ನನಗೇ ಫೋನ್ ಮಾಡಿ ಡಾಕ್ಟರ ನಂಬರ್ ಕೇಳಿದಾಗ ನಾಚಿಕೆಯಾಯಿತು.

ಇದೇನು ದೊಡ್ಡ ಕೆಲಸವಲ್ಲ. ವರ್ಡ್‌ಪ್ರೆಸ್‌ನಲ್ಲಿ ಸುದ್ದಿಗೆ ಮಾತ್ರವಲ್ಲ, ವರ್ಗದ ಹೆಸರಿಗೂ ಹೆಚ್ಚುವರಿ ಮಾಹಿತಿ ಸೇರಿಸಿಡುವ ಸೌಲಭ್ಯ 2015ರ ಡಿಸೆಂಬರ್‌ನಲ್ಲಿ ಬಂದ 4.4ನೇ ಆವೃತ್ತಿಯಿಂದಲೇ ಇದೆ. ಆದರೆ ತುಂಬಿದ್ದು ತಾನಾಗಿ ಪುಟಕ್ಕೆ ಬರುವುದಿಲ್ಲ. ವರ್ಗದ ಪುಟದ ಟೆಂಪ್ಲೇಟಿನಲ್ಲಿ ‘ಗೆಟ್_ಟರ್ಮ್_ಮೆಟಾ’ ಬಳಸಿ, ಆ ವರ್ಗದ ಐಡಿ ಮತ್ತು ಫೀಲ್ಡಿನ ಹೆಸರು ಕೊಟ್ಟು ತರಿಸಿಕೊಳ್ಳಬೇಕು. ಸುದ್ದಿಯ ಐಡಿ ಕೊಟ್ಟರೆ ಸರಿಯಾದದ್ದು ಸಿಗದು. ಫೀಲ್ಡ್ ಖಾಲಿ ಇದ್ದರೆ ಆ ಸಾಲನ್ನೇ ತೋರಿಸಬಾರದು. ‘ಫೋನ್:’ ಎಂದು ಬರೆದು ಮುಂದೆ ಏನೂ ಇಲ್ಲದಿದ್ದರೆ ಓದುವವರಿಗೆ ಸಿಟ್ಟೇ ಬರುತ್ತದೆ.

ಜೊತೆಗೆ ‘ಕೊನೆಗೆ ಪರಿಶೀಲಿಸಿದ ದಿನ’ ಎಂಬ ಫೀಲ್ಡೂ ಇರಲಿ. ಎಂದೋ ಬದಲಾದ ನಂಬರ್ ತೋರಿಸುವುದಕ್ಕಿಂತ ತೋರಿಸದೆ ಇರುವುದೇ ವಾಸಿ.

ತಾಣದ ಬಣ್ಣ ಬದಲಿಸುವ ಮೊದಲು ನಮ್ಮವರು ಇದನ್ನು ಮಾಡಲಿ. ನೀವೂ ನಿಮ್ಮ ಊರಿನ ಪುಟ ತೆರೆದು ನೋಡಿ. ಬೇಕಾದ ಮಾಹಿತಿ ಕಾಣದಿದ್ದರೆ ತಾಣದವರನ್ನು ಕೇಳಿ. ಕೇಳುವವರಿದ್ದರೆ ತಾನೇ ಅವರೂ ತೋರಿಸುವುದು?