ಒಂದು ಕೀಬೋರ್ಡ್, ಮೂರು ಕಂಪ್ಯೂಟರ್: ಎಲ್ಲಿ ಬೇಕು, ಎಲ್ಲಿ ಬೇಡ?



ನಮ್ಮ ಯುವಜನರ ಕೋಣೆಗೆ ದಾನವಾಗಿ ಬಂದಿರುವ ಮೂರು ಹಳೆಯ ಕಂಪ್ಯೂಟರ್‌ಗಳ ಸುತ್ತ ಈಗ ಒಂದು ಚರ್ಚೆ ನಡೆದಿದೆ. ಸಿಪಿಯು ಮೂರು, ಪರದೆ ಮೂರು, ಆದರೆ ಕೀಬೋರ್ಡ್ ಮತ್ತು ಮೌಸ್ ಒಂದೇ ಜೊತೆ. ‘ಇನ್ನೆರಡು ಜೊತೆ ಯಾಕೆ ಕೊಳ್ಳಬೇಕು? ಒಂದು ಯುಎಸ್‌ಬಿ ಸ್ವಿಚ್ ತಂದರೆ ಇದ್ದ ಕೀಬೋರ್ಡೇ ಮೂರಕ್ಕೂ ಸಾಕಲ್ಲ, ಹಣ ಉಳಿಯುತ್ತದೆ’ ಎಂದು ಕೆಲವರು ಹೇಳುತ್ತಿದ್ದಾರೆ. ಇದೇ ಕಂಪ್ಯೂಟರ್‌ಗಳಲ್ಲಿ ಬೇಸಿಗೆ ರಜೆಗೆ ಮಕ್ಕಳ ತರಗತಿ ನಡೆಸುವ ಯೋಜನೆಯೂ ಇದೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಯುಎಸ್‌ಬಿ ಸ್ವಿಚ್ ಒಳ್ಳೆಯ ಸಾಧನ. ಹಾಡಿನ ಸಾಲುಗಳನ್ನು ಪರದೆಗೆ ಹಾಕುವ, ನೇರಪ್ರಸಾರ ಮಾಡುವ ನಮ್ಮ ಮೇಜಿಗೆ ಒಂದು ಖಂಡಿತ ಬೇಕು. ಮಕ್ಕಳ ತರಗತಿಗೆ ಮಾತ್ರ ಅದು ಬೇಡ. ಅಲ್ಲಿ ಪ್ರತಿ ಕಂಪ್ಯೂಟರ್‌ಗೂ ತನ್ನದೇ ಕೀಬೋರ್ಡ್, ಮೌಸ್ ಇರಬೇಕು. ಹೀಗೇಕೆ ಹೇಳುತ್ತೇವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಸ್ವಿಚ್ ಮಾಡುವುದೇನು?

ಅಂಗಡಿಯಲ್ಲಿ ಹಬ್ ಕೇಳುವವರೂ ಸ್ವಿಚ್ ಕೇಳುವವರೂ ಒಂದೇ ವಸ್ತು ಎಂದುಕೊಂಡಿರುತ್ತಾರೆ. ಎರಡೂ ನೋಡಲು ಒಂದೇ ಥರದ ಚಿಕ್ಕ ಪೆಟ್ಟಿಗೆ, ಕೆಲಸ ಮಾತ್ರ ಬೇರೆ. ಒಂದು ಕಂಪ್ಯೂಟರ್‌ಗೆ ಹಲವು ಸಾಧನ ಜೋಡಿಸುವುದು ಹಬ್. ಹಲವು ಕಂಪ್ಯೂಟರ್‌ಗಳಿಗೆ ಒಂದೇ ಜೊತೆ ಸಾಧನಗಳನ್ನು ಸರದಿಯಲ್ಲಿ ಜೋಡಿಸುವುದು ಸ್ವಿಚ್. ಹಬ್ ತಂದು ಎರಡು ಕಂಪ್ಯೂಟರ್‌ಗೆ ಒಂದು ಕೀಬೋರ್ಡ್ ಹಂಚಲು ಕೂತರೆ ಆಗುವುದಿಲ್ಲ.

ಕಾರಣ ಯುಎಸ್‌ಬಿಯ ಸ್ವಭಾವದಲ್ಲೇ ಇದೆ. ಅದು ಎಲ್ಲೆಡೆ ಬಳಕೆಗೆ ಬರುವ ಮೊದಲು ಕೀಬೋರ್ಡಿಗೆ ನೇರಳೆ ಬಣ್ಣದ, ಮೌಸಿಗೆ ಹಸಿರು ಬಣ್ಣದ ಗುಂಡನೆಯ ಪಿನ್ನುಗಳಿದ್ದವು. ಹಳೆಯ ಕಂಪ್ಯೂಟರ್‌ಗಳ ಹಿಂದೆ ಆ ತೂತುಗಳು ಈಗಲೂ ಕಾಣುತ್ತವೆ. 1996ರಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಬಂತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದವರು ಇಂಟೆಲ್ ಕಂಪನಿಯಲ್ಲಿದ್ದ, ವಡೋದರಾದಲ್ಲಿ ಓದಿದ ಅಜಯ್ ಭಟ್. ಆ ವ್ಯವಸ್ಥೆಯಲ್ಲಿ ಸಾಧನಕ್ಕೆ ಒಂದು ಹೊತ್ತಿಗೆ ಒಬ್ಬನೇ ಯಜಮಾನ. ಕೀಬೋರ್ಡ್ ತಾನಾಗಿ ಮಾತಾಡುವುದಿಲ್ಲ. ಕಂಪ್ಯೂಟರ್ ಮೇಲಿಂದ ಮೇಲೆ ‘ಏನಾದರೂ ಒತ್ತಿದರಾ?’ ಎಂದು ಕೇಳುತ್ತದೆ, ಕೀಬೋರ್ಡ್ ಉತ್ತರಿಸುತ್ತದೆ. ಇಬ್ಬರು ಯಜಮಾನರು ಒಟ್ಟಿಗೆ ಕೇಳುವ ಏರ್ಪಾಡು ಅದರಲ್ಲಿ ಇಲ್ಲ.

ಆದ್ದರಿಂದ ಸ್ವಿಚ್ ಮಾಡುವ ಕೆಲಸ ಬಹಳ ಸರಳ. ಗುಂಡಿ ಒತ್ತಿದಾಗ ಅದು ಕೀಬೋರ್ಡನ್ನು ಮೊದಲ ಕಂಪ್ಯೂಟರ್‌ನಿಂದ ಬಿಡಿಸಿ ಎರಡನೆಯದಕ್ಕೆ ಜೋಡಿಸುತ್ತದೆ. ನಾವು ಕೈಯಿಂದ ಕೇಬಲ್ ಕಿತ್ತು ಇನ್ನೊಂದಕ್ಕೆ ಹಾಕುವುದನ್ನೇ ಅದು ಪೆಟ್ಟಿಗೆಯೊಳಗೆ ಮಾಡುತ್ತದೆ. ಹೊಸ ಕಂಪ್ಯೂಟರ್ ಅದನ್ನು ಗುರುತು ಹಿಡಿಯಲು ಒಂದೆರಡು ಸೆಕೆಂಡು ಹಿಡಿಯುತ್ತದೆ, ಅಷ್ಟೆ. ಪರದೆಯನ್ನು ಅದು ಬದಲಿಸುವುದಿಲ್ಲ. ಪರದೆಯನ್ನೂ ಹಂಚಬೇಕಾದರೆ ಕೆವಿಎಂ ಎಂಬ ಬೇರೆ ಸ್ವಿಚ್ ಬೇಕು: ಕೀಬೋರ್ಡ್, ವಿಡಿಯೋ, ಮೌಸ್ ಮೂರಕ್ಕೂ. ನಮ್ಮಲ್ಲಿ ಪರದೆಗಳು ಮೂರು ಇರುವುದರಿಂದ ಅದರ ಖರ್ಚು ಬೇಕಾಗಿಲ್ಲ.

ಮಗ್ಗವೋ, ಹೊಲಿಗೆ ಯಂತ್ರವೋ?

ಸ್ವಿಚ್ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ತಿಳಿಯಲು ನಮ್ಮ ಊರಿನವರಿಗೆ ದೊಡ್ಡ ಪುಸ್ತಕ ಬೇಕಿಲ್ಲ. ಯಡ್ರಾವದ ಪಕ್ಕದ ಇಚಲಕರಂಜಿಗೆ 1904ರಲ್ಲಿ ವಿಠಲರಾವ್ ದಾತಾರ್ ಮೊದಲ ವಿದ್ಯುತ್ ಮಗ್ಗ ತಂದರು. ಅಲ್ಲಿಂದ ಇಲ್ಲಿಯವರೆಗೆ ಈ ಭಾಗದ ಬದುಕು ಮಗ್ಗದ ಸದ್ದಿನ ಜೊತೆಗೇ ಸಾಗಿದೆ. ನಮ್ಮ ಎಷ್ಟೋ ಮನೆಗಳ ಅಪ್ಪ, ಚಿಕ್ಕಪ್ಪ, ಅಣ್ಣಂದಿರು ಮಗ್ಗದ ಶೆಡ್ಡಿನಲ್ಲಿ ಪಾಳಿ ಮಾಡುವವರು. ಒಬ್ಬ ಕಾರ್ಮಿಕ ನಾಲ್ಕು, ಆರು, ಕೆಲವೊಮ್ಮೆ ಎಂಟು ಮಗ್ಗ ನೋಡಿಕೊಳ್ಳುತ್ತಾನೆ. ಅದು ಹೇಗೆ ಸಾಧ್ಯ? ಅವನು ಒಂದರ ಕಡೆ ಇರುವಾಗ ಉಳಿದವು ತಾವಾಗಿ ನೇಯುತ್ತಿರುತ್ತವೆ. ಲಾಳಿಯ ಕಂಡಿಕೆ ಮುಗಿದಾಗ, ಎಳೆ ಕಡಿದಾಗ ಮಾತ್ರ ಅವನ ಕೈ ಬೇಕು.

ಹೊಲಿಗೆ ಯಂತ್ರ ಹಾಗಲ್ಲ. ಒಬ್ಬ ಅಕ್ಕನ ಮುಂದೆ ಮೂರು ಹೊಲಿಗೆ ಯಂತ್ರ ಇಟ್ಟರೆ ಒಂದು ಓಡುತ್ತದೆ, ಎರಡು ಸುಮ್ಮನೆ ನಿಲ್ಲುತ್ತವೆ. ಮೂರು ಯಂತ್ರದ ಖರ್ಚು, ಒಂದೇ ಯಂತ್ರದ ಕೆಲಸ.

ಕಂಪ್ಯೂಟರ್‌ನಲ್ಲಿ ಎರಡು ಬಗೆಯ ಕೆಲಸವೂ ಇದೆ. ನೇರಪ್ರಸಾರ, ವಿಡಿಯೋ ತಯಾರಾಗಿ ಹೊರಬರುವುದು, ದೊಡ್ಡ ಫೈಲು ಇಳಿಯುವುದು, ಇವೆಲ್ಲ ಮಗ್ಗದಂಥ ಕೆಲಸ. ಒಮ್ಮೆ ಶುರು ಮಾಡಿ ಕೈ ಬಿಟ್ಟರೂ ನಡೆಯುತ್ತವೆ. ಟೈಪಿಂಗ್ ಕಲಿಯುವುದು, ಚಿತ್ರ ಬಿಡಿಸುವುದು, ಲೆಕ್ಕದ ಹಾಳೆ ತುಂಬುವುದು, ಇವು ಹೊಲಿಗೆ ಯಂತ್ರದ ಕೆಲಸ. ಕೈ ಇಲ್ಲದಿದ್ದರೆ ಯಂತ್ರ ನಿಂತಂತೆ. ಮೊದಲ ಬಗೆಗೆ ಸ್ವಿಚ್ ಹೊಂದುತ್ತದೆ, ಎರಡನೆಯದಕ್ಕೆ ಹೊಂದುವುದಿಲ್ಲ.

ನಮ್ಮ ಮೇಜಿಗೆ ಯಾಕೆ ಬೇಕು?

ಭಾನುವಾರದ ನಮ್ಮ ಮೇಜನ್ನು ನೋಡಿ. ಒಂದು ಕಂಪ್ಯೂಟರ್ ಹಾಡಿನ ಸಾಲುಗಳನ್ನು ಪ್ರೊಜೆಕ್ಟರ್‌ಗೆ ಕಳಿಸುತ್ತದೆ, ಇನ್ನೊಂದು ನೇರಪ್ರಸಾರ ಮಾಡುತ್ತದೆ. ಕೂರುವವರು ಒಬ್ಬರೇ. ಮೇಜು ಚಿಕ್ಕದು, ಎರಡು ಕೀಬೋರ್ಡ್ ಎರಡು ಮೌಸ್ ಇಟ್ಟರೆ ಯಾವುದು ಯಾವುದರದು ಎಂಬ ಗೊಂದಲ. ಇಲ್ಲಿ ಎರಡು ಪೋರ್ಟಿನ ಸ್ವಿಚ್ ಬಹಳ ಉಪಯೋಗ. ಅದರ ಮೇಲೆ 1, 2 ಎಂದು ದೀಪ ಇರುವುದನ್ನೇ ಆರಿಸಬೇಕು, ಕಂಪ್ಯೂಟರ್‌ಗಳಿಗೂ ಅದೇ ಅಂಕಿ ಅಂಟಿಸಬೇಕು. ಯಾವ ದೀಪ ಉರಿಯುತ್ತಿದೆ ಎಂದು ನೋಡದೆ ಒತ್ತಿದರೆ ನೇರಪ್ರಸಾರ ನಿಲ್ಲಿಸಲು ಹೋಗಿ ಹಾಡನ್ನೇ ಮುಂದಿನ ಪುಟಕ್ಕೆ ತಳ್ಳಿಬಿಡಬಹುದು.

ಇನ್ನು ಮೂರು ಎಚ್ಚರಿಕೆ. ಒಂದು, ಸ್ವಿಚ್ಚಿಗೆ ಪೆನ್‌ಡ್ರೈವ್ ಹಾಕಿಟ್ಟು ಅದಕ್ಕೆ ಫೈಲು ಹೋಗುತ್ತಿರುವಾಗ ಗುಂಡಿ ಒತ್ತಬಾರದು. ಅದು ನಡುವೆಯೇ ಪೆನ್‌ಡ್ರೈವ್ ಕಿತ್ತಂತೆ, ಫೈಲು ಕೆಡಬಹುದು. ಎರಡು, ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ ವಿದ್ಯುತ್ತು 500 ಮಿಲಿಆಂಪ್ ಮಾತ್ರ. ಕೀಬೋರ್ಡ್, ಮೌಸಿಗೆ ಅದು ಧಾರಾಳ, ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಲದೇ ಹೋಗಬಹುದು. ಅದನ್ನು ನೇರವಾಗಿ ಕಂಪ್ಯೂಟರ್‌ಗೇ ಹಾಕಿ. ಮೂರು, ಸ್ವಿಚ್ ಇಲ್ಲದೆ ಎರಡು ಕಂಪ್ಯೂಟರ್‌ಗಳನ್ನು ಎರಡೂ ತುದಿ ಒಂದೇ ಥರ ಇರುವ ಯುಎಸ್‌ಬಿ ಕೇಬಲ್‌ನಿಂದ ನೇರ ಜೋಡಿಸುವ ಪ್ರಯೋಗ ಯಾರೂ ಮಾಡಬೇಡಿ. ಎರಡೂ ಕಡೆಯಿಂದ ವಿದ್ಯುತ್ತು ಎದುರುಬದುರಾಗಿ ಪೋರ್ಟ್ ಹಾಳಾಗಬಹುದು.

ಹಣವೇ ಇಲ್ಲ ಎನ್ನುವವರಿಗೆ ಇನ್ನೊಂದು ದಾರಿಯೂ ಇದೆ. ಮೈಕ್ರೋಸಾಫ್ಟಿನ ಉಚಿತ ಪವರ್‌ಟಾಯ್ಸ್ ತಂತ್ರಾಂಶದೊಳಗೆ ‘ಮೌಸ್ ವಿದೌಟ್ ಬಾರ್ಡರ್ಸ್’ ಎಂಬ ಸೌಲಭ್ಯವಿದೆ. ಒಂದೇ ನೆಟ್‌ವರ್ಕಿನಲ್ಲಿರುವ ನಾಲ್ಕು ಕಂಪ್ಯೂಟರ್‌ಗಳವರೆಗೆ ಒಂದೇ ಮೌಸ್ ಓಡಾಡುತ್ತದೆ. ಬಾಣವನ್ನು ಪರದೆಯ ಅಂಚಿಗೆ ತಳ್ಳಿದರೆ ಪಕ್ಕದ ಪರದೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಅದಕ್ಕೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು, ಕೀಬೋರ್ಡ್ ಹಾಕಿದ ಕಂಪ್ಯೂಟರ್ ಕೆಟ್ಟರೆ ಉಳಿದವೂ ಕೈ ಕಳೆದುಕೊಳ್ಳುತ್ತವೆ, ನೆಟ್‌ವರ್ಕ್ ಹೋದರೂ ಅದೇ ಗತಿ. ಸೇವೆಯ ನಡುವೆ ಇಂಥ ತೊಂದರೆ ಬಾರದಿರಲಿ ಎಂದರೆ ತಂತಿಯ ಸ್ವಿಚ್ಚೇ ಭರವಸೆಯದು.

ನಮ್ಮ ಗಡಿಭಾಗದವರಿಗೆ ಒಂದು ಮಾತು

ಇಲ್ಲಿ ನಾವು ಒಂದು ಕಂಪ್ಯೂಟರ್‌ನಲ್ಲಿ ಮರಾಠಿ ಸುತ್ತೋಲೆ, ಇನ್ನೊಂದರಲ್ಲಿ ಕನ್ನಡ ಹಾಡು ಬರೆಯುವವರು. ‘ಒಂದೇ ಕೀಬೋರ್ಡಿನಿಂದ ಎರಡು ಲಿಪಿ ಆಗುತ್ತದೆಯೇ?’ ಎಂದು ಹಿರಿಯರೊಬ್ಬರು ಕೇಳಿದರು. ಆಗುತ್ತದೆ. ಕೀಬೋರ್ಡಿಗೆ ಯಾವ ಭಾಷೆಯೂ ಗೊತ್ತಿಲ್ಲ. ಯಾವ ಕೀಲಿ ಒತ್ತಿದರು ಎಂಬ ಸಂಖ್ಯೆಯನ್ನಷ್ಟೇ ಅದು ಕಳಿಸುತ್ತದೆ. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರ್.

ಇನ್‌ಸ್ಕ್ರಿಪ್ಟ್ ವಿನ್ಯಾಸ ಕಲಿತವರಿಗೆ ಇದು ಇನ್ನೂ ಸುಲಭ. ಅದರಲ್ಲಿ ಭಾರತದ ಹಲವು ಭಾಷೆಗಳಿಗೆ ಒಂದೇ ಧ್ವನಿ ಒಂದೇ ಜಾಗದಲ್ಲಿದೆ. ‘ಕೆ’ ಕೀಲಿ ಒತ್ತಿದರೆ ಕನ್ನಡದ ಕಂಪ್ಯೂಟರ್‌ನಲ್ಲಿ ಕನ್ನಡದ ‘ಕ’, ಮರಾಠಿಯದರಲ್ಲಿ ದೇವನಾಗರಿಯ ‘ಕ’. ತೊಂದರೆ ಬರುವುದು ಒಂದು ಕಂಪ್ಯೂಟರ್‌ನಲ್ಲಿ ಇನ್‌ಸ್ಕ್ರಿಪ್ಟ್, ಇನ್ನೊಂದರಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸುವ ನುಡಿ ಇಟ್ಟಾಗ. ‘ಎಚ್’ ಕೀಲಿ ಒಂದರಲ್ಲಿ ‘ಪ’, ಮತ್ತೊಂದರಲ್ಲಿ ‘ಹ’. ಆದ್ದರಿಂದ ಒಂದು ಸ್ವಿಚ್ಚಿಗೆ ಸೇರಿದ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ವಿನ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು. ಪಾಸ್‌ವರ್ಡ್ ಹೊಡೆಯುವ ಮುನ್ನ ಅದು ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ನೋಡುವ ಅಭ್ಯಾಸವೂ ಬೇಕು.

ಮಕ್ಕಳ ತರಗತಿಗೆ ಯಾಕೆ ಬೇಡ?

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಮೂರು ಕಂಪ್ಯೂಟರ್ ಮುಂದೆ ಆರು ಮಕ್ಕಳು ಕೂತಿದ್ದಾರೆ, ಕೀಬೋರ್ಡ್ ಒಂದೇ. ಗುಂಡಿ ಒತ್ತಿದ ಕಡೆಗೆ ಮಾತ್ರ ಜೀವ. ಉಳಿದ ಇಬ್ಬಿಬ್ಬರು ತಮ್ಮ ಪರದೆಯಲ್ಲಿ ಏನೂ ಅಲುಗಾಡದ್ದನ್ನು ನೋಡುತ್ತಾ ಕೂರಬೇಕು. ಒಂದು ಗಂಟೆಯ ತರಗತಿಯಲ್ಲಿ ಪ್ರತಿ ಕಂಪ್ಯೂಟರ್‌ಗೆ ಸಿಗುವುದು 20 ನಿಮಿಷ, ಪ್ರತಿ ಮಗುವಿಗೆ 10 ನಿಮಿಷ. ಪ್ರತಿಯೊಂದಕ್ಕೂ ಕೀಬೋರ್ಡ್ ಇದ್ದರೆ ಅದೇ ಗಂಟೆಯಲ್ಲಿ ಪ್ರತಿ ಮಗುವಿಗೆ 30 ನಿಮಿಷ. ಇಷ್ಟು ಲೆಕ್ಕ ಮಕ್ಕಳೇ ಮಾಡಬಲ್ಲರು.

ಅದಕ್ಕಿಂತ ದೊಡ್ಡ ಪ್ರಶ್ನೆ, ಆ 10 ನಿಮಿಷವಾದರೂ ಎಲ್ಲರಿಗೂ ಸಿಗುತ್ತದೆಯೇ ಎಂಬುದು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಉದಯ್ ಸಿಂಗ್ ಪವಾರ್, ಜಯೋಜಿತ್ ಪಾಲ್ ಮತ್ತು ಕೆಂಟಾರೊ ಟೊಯಾಮಾ ಎಂಬ ಸಂಶೋಧಕರು 2006ರಲ್ಲಿ ಇದೇ ವಿಷಯದ ಬಗ್ಗೆ ಬರೆದರು. ಹಳ್ಳಿಯ ಶಾಲೆಗಳಲ್ಲಿ ಒಂದು ಕಂಪ್ಯೂಟರ್ ಸುತ್ತ ಹಲವು ಮಕ್ಕಳು ಕೂರುತ್ತಾರೆ. ಮೌಸ್ ಮಾತ್ರ ಸಾಮಾನ್ಯವಾಗಿ ಜೋರಾಗಿರುವ ಒಂದು ಮಗುವಿನ ಕೈಯಲ್ಲೇ ಉಳಿಯುತ್ತದೆ, ಉಳಿದವರು ನೋಡುಗರಾಗುತ್ತಾರೆ. ಇದನ್ನು ಗಮನಿಸಿ ಅವರು ಮಾಡಿದ್ದು ನಮ್ಮ ಯೋಜನೆಗೆ ತದ್ವಿರುದ್ಧ. ಒಂದೇ ಕಂಪ್ಯೂಟರ್‌ಗೆ ಹಲವು ಮೌಸ್ ಜೋಡಿಸಿ, ಪ್ರತಿ ಮಗುವಿಗೂ ಪರದೆಯ ಮೇಲೆ ತನ್ನದೇ ಬಣ್ಣದ ಬಾಣ ಕೊಟ್ಟರು. ಮುಂದೆ ಅದು ಮಲ್ಟಿಪಾಯಿಂಟ್ ಎಂಬ ಹೆಸರಿನಲ್ಲಿ ಹೊರಬಂತು.

ಯೋಚಿಸಿ ನೋಡಿ. ಕಂಪ್ಯೂಟರ್ ಕಡಿಮೆ ಇದ್ದಲ್ಲಿ ಅವರು ಮೌಸ್ ಹೆಚ್ಚಿಸಿದರು. ಕಂಪ್ಯೂಟರ್ ಮೂರು ಇದ್ದರೂ ಮೌಸ್ ಒಂದೇ ಇಡಲು ನಾವು ಹೊರಟಿದ್ದೇವೆ. ನಮ್ಮ ಕೋಣೆಯಲ್ಲೂ ಜೋರಿನ ಮಕ್ಕಳಿದ್ದಾರೆ, ಹಿಂದೆ ಸರಿದು ನಿಲ್ಲುವ ಮಕ್ಕಳೂ ಇದ್ದಾರೆ. ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಗುವಿಗೆ ನಮ್ಮ ತರಗತಿ ತಪ್ಪಿದರೂ ನಷ್ಟವಿಲ್ಲ. ಪಾಳಿ ಮುಗಿಸಿ ಬಂದ ಅಪ್ಪನ ಮೊಬೈಲ್ ಬಿಟ್ಟರೆ ಬೇರೇನೂ ಇಲ್ಲದ ಮನೆಯ ಹುಡುಗಿಗೆ ಕೀಲಿಗಳ ಮೇಲೆ ಬೆರಳಿಡುವ ಜಾಗ ಇದೊಂದೇ ಆಗಿರಬಹುದು. ಅವಳು ರಜೆಯೆಲ್ಲ ಬಂದು, ಪಕ್ಕದವನ ಹೆಗಲ ಮೇಲಿಂದ ನೋಡಿ ಮನೆಗೆ ಹೋದರೆ ನಾವು ತರಗತಿ ನಡೆಸಿದ್ದೇವೆ ಎಂದು ಹೇಗೆ ಹೇಳುವುದು?

ಹಣದ ಲೆಕ್ಕವೂ ಅಂದುಕೊಂಡಷ್ಟು ಉಳಿತಾಯದ್ದಲ್ಲ. ಸಾಧಾರಣ ತಂತಿಯ ಕೀಬೋರ್ಡ್-ಮೌಸ್ ಜೊತೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೂರು ಕಂಪ್ಯೂಟರ್‌ಗೆ ಆಗುವ ಸ್ವಿಚ್, ಅದರ ಕೇಬಲ್‌ಗಳು ಪುಕ್ಕಟೆ ಬರುವುದಿಲ್ಲ. ವ್ಯತ್ಯಾಸ ಉಳಿದರೂ ಒಂದು ಸಂಜೆಯ ಚಹಾ-ತಿಂಡಿಯ ಖರ್ಚಿನಷ್ಟು. ಮೇಲಾಗಿ ಆ ಒಂದೇ ಕೀಬೋರ್ಡ್ ಕೆಟ್ಟ ದಿನ ಮೂರೂ ಕಂಪ್ಯೂಟರ್ ನಿಲ್ಲುತ್ತವೆ.

ನಮ್ಮ ಸಲಹೆ

ಮೊದಲು ಮನೆಗಳಲ್ಲಿ ಹುಡುಕೋಣ. ಹಳೆಯ ಕಂಪ್ಯೂಟರ್ ಹೋದರೂ ಅದರ ಕೀಬೋರ್ಡ್ ಅಟ್ಟದ ಮೇಲೆ ಬಿದ್ದಿರುವ ಮನೆಗಳಿವೆ. ಚಪ್ಪಟೆ ಯುಎಸ್‌ಬಿ ಪಿನ್ ಇದ್ದರೆ ಒಳ್ಳೆಯದು. ಗುಂಡನೆಯ ಪಿನ್ ಇದ್ದರೂ ತನ್ನಿ, ದಾನ ಬಂದ ಕಂಪ್ಯೂಟರ್‌ನ ಹಿಂದೆ ಆ ತೂತು ಇದೆಯೇ ನೋಡೋಣ. ಗುಂಡನೆಯದನ್ನು ಮಾತ್ರ ಕಂಪ್ಯೂಟರ್ ಆರಿಸಿದ ಮೇಲೇ ಹಾಕಬೇಕು, ತೆಗೆಯಬೇಕು. ಎರಡು ಜೊತೆ ಸಿಗದಿದ್ದರೆ ಕೊರತೆ ಬಿದ್ದಷ್ಟನ್ನು ಕೊಳ್ಳೋಣ.

ತರಗತಿಯಲ್ಲಿ ಒಂದು ಕಂಪ್ಯೂಟರ್‌ಗೆ ಇಬ್ಬರು ಮಕ್ಕಳು, 15 ನಿಮಿಷಕ್ಕೊಮ್ಮೆ ಕೈ ಬದಲು. ಗಡಿಯಾರ ನೋಡುವ ಹೊಣೆ ದೊಡ್ಡವರದು, ಮಕ್ಕಳದಲ್ಲ. ಯಡ್ರಾವದಲ್ಲೇ ಶರದ್ ಇಂಜಿನಿಯರಿಂಗ್ ಕಾಲೇಜು ಇದೆ. ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಅಣ್ಣ-ಅಕ್ಕಂದಿರು ವಾರಕ್ಕೆ ಒಂದು ಸಂಜೆ ಕೊಟ್ಟರೆ ಕಲಿಸುವವರ ಕೊರತೆಯೂ ನೀಗುತ್ತದೆ.

ಎರಡು ಪೋರ್ಟಿನ ಒಂದು ಸ್ವಿಚ್ಚನ್ನೂ ಕೊಳ್ಳೋಣ, ಅದನ್ನು ಭಾನುವಾರದ ಮೇಜಿಗೆ ಇಡೋಣ. ಮುಂದಿನ ಯುವಜನರ ಸಭೆಯಲ್ಲಿ ಈ ಖರ್ಚು ಮಂಜೂರಾತಿಗೆ ಬರುತ್ತದೆ. ಪೋಷಕರೂ ಬನ್ನಿ, ಬೇರೆ ಅಭಿಪ್ರಾಯ ಇದ್ದವರು ಖಂಡಿತ ಬನ್ನಿ. ಬರುವಾಗ ಅಟ್ಟದ ಮೇಲಿನ ಆ ಹಳೆಯ ಕೀಬೋರ್ಡನ್ನೂ ಒರೆಸಿ ತನ್ನಿ.